ಒಂಬತ್ತು ತುತ್ತಿನ ಹೊತ್ತು

ಆ ಬುಧವಾರ ಬೆಳಗ್ಗೆ ಶೈಲಾ ಎಂದಿನಂತೆ ಬೋಗುಣಿಯಲ್ಲಿ ಮೊಸರನ್ನ ಕಲಸಿದಳು. ಅನ್ನ ಬಿಸಿ ಇರುವಾಗಲೇ ಹಾಲು ಹಾಕಿ ಕಿವುಚಿ, ಆರಿದ ಮೇಲೆ ಮೊಸರು, ಉಪ್ಪು, ಒಗ್ಗರಣೆ. ಸೌಟು ಬಳಸುತ್ತಿರಲಿಲ್ಲ, ಕೈಯಲ್ಲೇ ಕಲಸುತ್ತಿದ್ದಳು. ಕಲಸಿದ್ದನ್ನು ಎರಡು ಸ್ಟೀಲ್ ಡಬ್ಬಿಗಳಿಗೆ ತುಂಬಿದಳು. ನಮ್ಮ ಮದುವೆಯಲ್ಲಿ ಬಂದ ಜೋಡಿ ಡಬ್ಬಿಗಳು ಅವು. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಅವಳ ಹೆಸರು ಕೊರೆಸಿತ್ತು. ಒಂದು ಅವಳ ಆಫೀಸಿಗೆ, ಇನ್ನೊಂದು ಮಗಳು ಇಂಚರಳ ಶಾಲೆಗೆ. ಬೋಗುಣಿಯ ತಳದಲ್ಲಿ ಉಳಿದದ್ದನ್ನು ಉಂಡೆ ಮಾಡಿ, ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಇಂಚರಳ ಬಾಯಿಗೆ ಇಟ್ಟಳು. ಇಂಚರಳಿಗೆ ಆಗ ಒಂಬತ್ತು ವರ್ಷ. ಸಾಕು ಎಂದು ಜರ್ಮನ್‌ನಲ್ಲಿ ಹೇಳಿದಳು, ಹೇಳಿ ಮತ್ತೆ ಬಾಯಿ ತೆರೆದಳು.

ನವೆಂಬರ್ ತಿಂಗಳು. ಎಂಟು ಗಂಟೆಗೂ ಮಂಜು ಕರಗಿರಲಿಲ್ಲ. ಶೈಲಾ ಸೈಕಲ್ಲಿನ ಹಿಂದಿನ ದೀಪ ಉರಿಯುತ್ತಿದೆಯೇ ನೋಡಿ ಎಂದಳು. ನೋಡಿದೆ, ಉರಿಯುತ್ತಿತ್ತು. ಅವಳು ಹೋದಳು. ಸಂಜೆ ಬಂದಳು. ಬ್ಯಾಗು ಬಿಚ್ಚಿ ನೋಡಿದರೆ ಡಬ್ಬಿ ಇರಲಿಲ್ಲ.

"ಮತ್ತೆ ಆಫೀಸಲ್ಲೇ ಬಿಟ್ಟು ಬಂದ್ಯಾ?" ಅಂದೆ. "ಹುಳಿ ವಾಸನೆ ಬಂದ್ರೆ ನೀನೇ ತೊಳ್ಕೋಬೇಕು. ನಾನು ಮುಟ್ಟಲ್ಲ."

"ಆಯ್ತು ಬಿಡಿ ಮಹಾರಾಯ್ರೇ, ನಾಳೆ ತರ್ತೀನಿ. ಇಡೀ ದಿನ ಪುಳಿಯೋಗರೆ ವಾಸನೆ ಹೊತ್ಕೊಂಡ್ ಬರೋರು, ನನಗೆ ವಾಸನೆ ಪಾಠ ಮಾಡ್ತೀರಾ."

ನನ್ನ ಬಟ್ಟೆಯಲ್ಲಿ ಎಳ್ಳೆಣ್ಣೆಯ ವಾಸನೆ ಇರುತ್ತಿದ್ದದ್ದು ನಿಜ. ನಾನು ಆಗ ಜರ್ಮನಿಯ ಎರ್ಲಾಂಗೆನ್‌ನ ಒಂದು ಸಣ್ಣ ಕೊರಿಯನ್ ಊಟದಂಗಡಿಯಲ್ಲಿ ಅಡುಗೆಮನೆಯ ಸಹಾಯಕನಾಗಿದ್ದೆ. ಓದಿದವಳು ಶೈಲಾ. ಕೆಲಸ ಸಿಕ್ಕಿ ಇಲ್ಲಿಗೆ ಬಂದವಳೂ ಅವಳೇ. ನಾನು ಪಿಯುಸಿ ಮುಗಿಸಿ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವನು, ಅವಳ ಹಿಂದೆ ಬಂದೆ. ಒಂದು ವರ್ಷ ಭಾಷೆ ಕಲಿತು ಈ ಕೆಲಸ ಹಿಡಿದೆ.

ಮಾರನೆಯ ದಿನ ಗುರುವಾರ ಹನ್ನೊಂದು ಗಂಟೆಗೆ ಶೈಲಾ ಆಫೀಸಿನ ಮೀಟಿಂಗಿನಲ್ಲಿ ಮಾತನಾಡುತ್ತಾ ನಿಂತವಳು ಕುಸಿದಳು. ಮೆದುಳಿನ ನಾಳ ಒಡೆದಿದೆ ಎಂದರು. ಶುಕ್ರವಾರ ಮತ್ತು ಶನಿವಾರ ಯಂತ್ರಗಳು ನಡೆದವು. ಭಾನುವಾರ ನಿಲ್ಲಿಸಿದರು. ನಾನು ಸಹಿ ಹಾಕಿದೆ. ಪೆನ್ನು ಯಾರು ಕೊಟ್ಟರು ಎಂಬುದು ನೆನಪಿಲ್ಲ.

ಇದೆಲ್ಲ ನಡೆದು ನಾಲ್ಕು ವರ್ಷವಾಯಿತು. ಕಳೆದ ಶನಿವಾರ ಏಷ್ಯನ್ ಅಂಗಡಿಯಲ್ಲಿ ಯಾರದೋ ಕೈಯಿಂದ ಎಳ್ಳೆಣ್ಣೆಯ ಶೀಶೆ ಬಿದ್ದು ಒಡೆಯಿತು. ಹುರಿದ ಎಳ್ಳಿನಿಂದ ತೆಗೆದ ಕಂದು ಬಣ್ಣದ ಎಣ್ಣೆ ಅದು, ಅದರ ವಾಸನೆ ಅಂಗಡಿಯ ಕೊನೆಯ ಸಾಲಿನವರೆಗೂ ಬಂತು. ಇಂಚರ ನನ್ನ ಜೊತೆಗಿದ್ದಳು. ಫ್ರೌ ಹಾನ್ ಅವರ ಅಂಗಡಿಯ ವಾಸನೆ ಎಂದಳು. ಆ ಒಂದು ಚಳಿಗಾಲವನ್ನು ಬರೆದಿಡಬೇಕು ಎಂದು ಅವತ್ತು ಅನಿಸಿತು.

ಫ್ರೌ ಹಾನ್, ಎಂದರೆ ಶ್ರೀಮತಿ ಹಾನ್, ನಾನಿದ್ದ ಅಂಗಡಿಯ ಯಜಮಾನಿ. ಇಪ್ಪತ್ತರ ವಯಸ್ಸಿನಲ್ಲಿ ನರ್ಸ್ ಕೆಲಸಕ್ಕೆಂದು ಕೊರಿಯಾದಿಂದ ಬಂದವರು. ಗಂಡ ಕೂಡ ಅದೇ ದೇಶದವರು, ಇಲ್ಲಿಯ ಕಲ್ಲಿದ್ದಲ ಗಣಿಗೆ ಬಂದಿದ್ದರು. ಗಂಡ ತೀರಿಕೊಂಡ ಮೇಲೆ, ನಿವೃತ್ತಿಯ ಹಣದಲ್ಲಿ ಆರು ಮೇಜಿನ ಈ ಅಂಗಡಿ ಇಟ್ಟರು. ಮೇಲಿನ ಮಹಡಿಯಲ್ಲೇ ಅವರ ಮನೆ. ಅಂಗಡಿಯಲ್ಲಿ ಹೆಚ್ಚು ಹೋಗುತ್ತಿದ್ದದ್ದು ಬಿಬಿಂಬಾಪ್. ಬಿಬಿಂ ಎಂದರೆ ಕಲಸಿದ್ದು, ಬಾಪ್ ಎಂದರೆ ಅನ್ನ. ಕಲಸಿದ ಅನ್ನ, ಅಷ್ಟೇ. ಆದರೆ ಅಡುಗೆಮನೆಯಲ್ಲಿ ಅದನ್ನು ಕಲಸುವ ಹಾಗಿಲ್ಲ. ಪಾಲಕ್ ಬೇರೆ ಬೇಯಿಸಬೇಕು, ನೀರು ಹಿಂಡಿ ಬೇರೆ ಉಪ್ಪು ಹಾಕಬೇಕು. ಕ್ಯಾರೆಟ್ ಬೇರೆ, ಮೊಳಕೆ ಬೇರೆ, ನೆನೆಸಿದ ಜರೀಗಿಡದ ಕುಡಿ ಬೇರೆ. ಅನ್ನದ ಮೇಲೆ ಒಂದೊಂದನ್ನೂ ಒಂದೊಂದು ಮೂಲೆಗೆ ಇಟ್ಟು, ನಡುವೆ ಮೊಟ್ಟೆ, ಪಕ್ಕದಲ್ಲಿ ಕೆಂಪು ಮೆಣಸಿನ ಗೊಜ್ಜು, ಮೇಲೆ ಎಳ್ಳು, ಎಳ್ಳೆಣ್ಣೆ. ಕಲಸುವುದು ತಿನ್ನುವವರ ಕೆಲಸ. ಒಂದರ ನೀರು ಇನ್ನೊಂದಕ್ಕೆ ತಾಗಿದರೆ ಫ್ರೌ ಹಾನ್ ಬಟ್ಟಲನ್ನು ನನ್ನ ಕಡೆಗೆ ವಾಪಸು ತಳ್ಳುತ್ತಿದ್ದರು.

ಎಲ್ಲದರ ಮೇಲೂ ಎಳ್ಳು ಉದುರಿಸುವುದು ಮೊದಮೊದಲು ನನಗೆ ಕಸಿವಿಸಿಯಾಗುತ್ತಿತ್ತು. ನಮ್ಮ ಕಡೆ ಎಳ್ಳು ಕೈಗೆ ಬರುವುದು ಸಂಕ್ರಾಂತಿಗೆ, ಇಲ್ಲವೇ ಯಾರಾದರೂ ಹೋದಾಗ.

ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ಶೈಲಾ ಇಂಚರಳನ್ನು ಕರೆದುಕೊಂಡು ಬರುತ್ತಿದ್ದಳು. ಮೆಣಸಿನ ಗೊಜ್ಜು ಎರಡು ಚಮಚ ಜಾಸ್ತಿ ಹಾಕಿಸಿಕೊಂಡು, ಚಮಚ ಪಕ್ಕಕ್ಕಿಟ್ಟು, ಕೈಯಲ್ಲೇ ಕಲಸುತ್ತಿದ್ದಳು. ಪಕ್ಕದ ಮೇಜಿನವರು ನೋಡುತ್ತಿದ್ದರು. ಫ್ರೌ ಹಾನ್ ನೋಡಿ ಸರಿ ಎಂಬಂತೆ ತಲೆಯಾಡಿಸಿದ್ದರು. ಅವರ ಭಾಷೆಯಲ್ಲೂ ಕೈರುಚಿ ಎಂಬ ಮಾತು ಹಾಗೆಯೇ ಇದೆಯಂತೆ.

ಈ ಊಟ ಎಲ್ಲಿಂದ ಬಂತು ಎಂದು ಒಮ್ಮೆ ಶೈಲಾ ಕೇಳಿದಳು. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ ಎಂದರು ಫ್ರೌ ಹಾನ್. ಅರಮನೆಯಿಂದ ಬಂತು ಎನ್ನುವವರು ಕೆಲವರು. ಹೊಲದಲ್ಲಿ ತಟ್ಟೆ ಸಾಲದೆ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದುಕೊಂಡರು ಎನ್ನುವವರು ಕೆಲವರು. ವರ್ಷದ ಕೊನೆಯ ದಿನ ಮನೆಯಲ್ಲಿ ಉಳಿದದ್ದನ್ನು ಖಾಲಿ ಮಾಡಲು ಕಲಸಿದರು ಎನ್ನುವವರೂ ಇದ್ದಾರೆ. ತಮ್ಮ ಮನೆಯಲ್ಲಿ ಮಾತ್ರ ಅದು ಹೋದವರಿಗೆ ಇಡುವ ಊಟ. ಮೊದಲು ಅವರಿಗೆ ಬಡಿಸುತ್ತಾರೆ, ಆಮೇಲೆ ಅದೇ ಅನ್ನ, ಅದೇ ಪಲ್ಯಗಳನ್ನು ಒಟ್ಟಿಗೆ ಕಲಸಿ ಇದ್ದವರು ತಿನ್ನುತ್ತಾರೆ. ಅದರ ರುಚಿ ಹತ್ತಿ, ಅವರ ಸೀಮೆಯ ಪಂಡಿತರು ಯಾರ ತಿಥಿಯೂ ಇಲ್ಲದ ದಿನ ಸುಳ್ಳು ತಿಥಿ ಊಟ ಮಾಡಿಸಿಕೊಂಡು ತಿನ್ನುತ್ತಿದ್ದರಂತೆ.

ಶೈಲಾ ಬಿದ್ದು ಬಿದ್ದು ನಕ್ಕಳು. "ರೀ, ನಮ್ಮೂರಲ್ಲೂ ತಿಥಿ ವಡೆಗೋಸ್ಕರ ನೆಂಟಸ್ತನ ಹುಡುಕ್ಕೊಂಡ್ ಬರೋರಿದ್ರು. ಇವರಿಗೆ ಹೇಳಿ." ನನ್ನ ಜರ್ಮನ್‌ನಲ್ಲಿ ಅದನ್ನು ಹೇಳಲು ಆಗಲಿಲ್ಲ. ವಡೆಯ ಬಗ್ಗೆ ಏನೋ ಹೇಳಿದೆ.

ಇಲ್ಲಿ ಚಿತಾಭಸ್ಮವನ್ನು ಮನೆಗೆ ಕೊಡುವುದಿಲ್ಲ. ಊರಿಗೆ ಒಯ್ಯಲು ಕಾಗದ ಬೇಕು. ಕಾಗದಗಳನ್ನು ಮಾಡಿಸಿದೆ. ಇಂಚರಳನ್ನು ಕರೆದುಕೊಂಡು ಹೋಗಿ ಭಸ್ಮವನ್ನು ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಬಿಟ್ಟು, ಆಗಬೇಕಾದ್ದನ್ನು ಮಾಡಿ ಮುಗಿಸಿದೆವು. ಶೈಲಾಳ ಅಕ್ಕ ಪ್ರೇಮಕ್ಕ ಮೈಸೂರಿನಲ್ಲಿದ್ದಾರೆ. ಇಂಚರಳನ್ನು ತಮ್ಮ ಹತ್ತಿರವೇ ಬಿಟ್ಟು ಹೋಗಿ ಎಂದರು. ಇಂಚರ ಮನೆಗೆ ಹೋಗಬೇಕು ಎಂದಳು. ಅವಳು ಮನೆ ಎಂದದ್ದು ಎರ್ಲಾಂಗೆನ್‌ನ ಮೂರನೆಯ ಮಹಡಿಯ ಎರಡು ಕೋಣೆಗಳನ್ನು. ನೀವು ಯಾಕೆ ವಾಪಸು ಹೋಗುತ್ತೀರಿ ಎಂದು ಪ್ರೇಮಕ್ಕ ನನ್ನನ್ನೂ ಕೇಳಿದರು. ಶೈಲಾಳ ಡಬ್ಬಿ ಇನ್ನೂ ಆಫೀಸಿನಲ್ಲಿದೆ ಎಂದು ಹೇಳುವುದು ಹೇಗೆ.

"ಮಾರ್ಚ್‌ವರೆಗೂ ನೋಡ್ತೀನಿ ಮಂಜು ಅವ್ರೇ," ಅಂದರು ಪ್ರೇಮಕ್ಕ. "ಮಗು ನೆಟ್ಟಗೆ ಊಟ ಮಾಡ್ಕೊಂಡಿದ್ರೆ ಸರಿ. ಇಲ್ದಿದ್ರೆ ನಾನೇ ಬಂದು ಕರ್ಕೊಂಡ್ ಹೋಗ್ತೀನಿ. ನಿಮ್ಮನ್ನ ಕೇಳಲ್ಲ."

ಮಗು ನೆಟ್ಟಗೆ ಊಟ ಮಾಡುತ್ತಿರಲಿಲ್ಲ. ಕಲಸಿದ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಅನ್ನ ಬರಿ ಅನ್ನವಾಗಿರಬೇಕು. ಸಾರು ಬೇರೆ ಬಟ್ಟಲಲ್ಲಿ ಇಡಬೇಕು, ಅದನ್ನು ಅವಳು ತಿನ್ನುವುದಿಲ್ಲ. ಅನ್ನಕ್ಕೆ ಒಂದು ಹನಿ ಸಾರು ತಾಗಿದರೆ ತಟ್ಟೆ ಸರಿಸುತ್ತಿದ್ದಳು. ಒಣ ಬ್ರೆಡ್ಡು, ಸೌತೆಕಾಯಿ ಹೋಳು, ನಾಲ್ಕು ಚಮಚ ಬಿಳಿ ಅನ್ನ, ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ನಾನು ಒಮ್ಮೆ ಮೊಸರನ್ನ ಕಲಸಿ ತುತ್ತು ಮಾಡಿ ಹಿಡಿದೆ. ಅವಳು ನನ್ನ ಕೈಯನ್ನು ನೋಡಿದಳು, ಆಮೇಲೆ ಕಿಟಕಿ ನೋಡಿದಳು. ಕೈ ಇಳಿಸಿದೆ. ಸ್ಟೀಲ್ ಡಬ್ಬಿಯನ್ನು ಶಾಲೆಗೆ ಒಯ್ಯುವುದಿಲ್ಲ ಎಂದಳು. ಅಲಮಾರಿನಲ್ಲಿಟ್ಟೆ. ಅಳುತ್ತಿರಲಿಲ್ಲ. ಕನ್ನಡ ಬಿಟ್ಟಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಒಂದೆರಡು ಪದ ಹೇಳುತ್ತಿದ್ದಳು. ಜನವರಿಗೆ ಪ್ಯಾಂಟು ನಿಲ್ಲದೆ ಬೆಲ್ಟು ತಂದೆ. ಬೆಲ್ಟಿಗೆ ಇನ್ನೊಂದು ತೂತು ಕೊರೆದೆ. ಶಾಲೆಯ ಟೀಚರ್ ಕರೆಸಿ ಮಾತನಾಡಿದರು. ಡಾಕ್ಟರು ಕಾಯಿರಿ ಎಂದರು. ಪ್ರತಿ ಭಾನುವಾರ ಪ್ರೇಮಕ್ಕ ಫೋನ್ ಮಾಡಿ ಮಗು ಏನು ತಿಂತು ಎಂದು ಕೇಳುತ್ತಿದ್ದರು. ನಾನು ಸುಳ್ಳು ಹೇಳುತ್ತಿದ್ದೆ. ವಿಡಿಯೋದಲ್ಲಿ ಅವರಿಗೆ ಮುಖ ಕಾಣುತ್ತಿತ್ತು.

ನಾನು ಬೆಳಗ್ಗೆ ಒಂಬತ್ತಕ್ಕೆ ಅಂಗಡಿಗೆ ಹೋಗುತ್ತಿದ್ದೆ, ಕ್ಯಾರೆಟ್ ಹೆಚ್ಚುತ್ತಿದ್ದೆ. ಎಲ್ಲವನ್ನೂ ಬೇರೆ ಬೇರೆ ಇಡುವ ಕೆಲಸ. ಆ ಚಳಿಗಾಲದಲ್ಲಿ ನನ್ನಿಂದ ಒಂದು ಬಟ್ಟಲೂ ಕೆಡಲಿಲ್ಲ.

ಡಿಸೆಂಬರಿನಲ್ಲೇ ಶೈಲಾಳ ಸಹೋದ್ಯೋಗಿಯೊಬ್ಬರು ಅವಳ ಸಾಮಾನನ್ನು ಕಾರ್ಡ್‌ಬೋರ್ಡ್ ಪೆಟ್ಟಿಗೆಯಲ್ಲಿ ತಂದುಕೊಟ್ಟಿದ್ದರು. ಕಪ್ಪು, ಆಫೀಸಿನಲ್ಲಿ ಹಾಕುತ್ತಿದ್ದ ಚಪ್ಪಲಿ, ಸ್ವೆಟರ್, ಹ್ಯಾಂಡ್ ಕ್ರೀಮ್, ಮೇಜಿನ ಮೇಲಿದ್ದ ಸಣ್ಣ ಗಣಪತಿ. ಡಬ್ಬಿ ಇರಲಿಲ್ಲ. ಒಂದು ಸ್ಟೀಲ್ ಡಬ್ಬಿ ಇರಬೇಕಿತ್ತು ಎಂದು ಬರೆದೆ. ಹುಡುಕಿದೆವು, ಸಿಗಲಿಲ್ಲ ಎಂದು ಬರೆದರು. ಮುಚ್ಚಳದ ಮೇಲೆ ಹೆಸರಿದೆ ಎಂದು ಮತ್ತೊಮ್ಮೆ ಬರೆದೆ.

ಜನವರಿಯ ಕೊನೆಯಲ್ಲಿ ಫ್ರೌ ಹಾನ್ ಬಟ್ಟಲು ಒರೆಸುತ್ತಾ, ಫೆಬ್ರವರಿಯ ಎರಡನೆಯ ಭಾನುವಾರ ತಮ್ಮ ಗಂಡನ ತಿಥಿಯ ದಿನ ಎಂದರು. ಮಗುವನ್ನು ಕರೆದುಕೊಂಡು ಬನ್ನಿ, ನಿಮ್ಮ ಹೆಂಡತಿಗೂ ಒಂದು ಬಟ್ಟಲು ಇಡಿ ಎಂದರು. ನಮ್ಮಲ್ಲಿ ವರ್ಷ ತುಂಬುವ ಮೊದಲು ಎಡೆ ಇಡುವುದಿಲ್ಲ ಎಂದೆ. ಅವರು ಸ್ವಲ್ಪ ಯೋಚಿಸಿ, ಅವಳು ತಮ್ಮ ಅಂಗಡಿಗೆ ಬಂದು ತಿನ್ನುತ್ತಿದ್ದವಳು, ಬಾಗಿಲಲ್ಲಿ ನಿಲ್ಲಿಸುವುದಕ್ಕಾಗುವುದಿಲ್ಲ ಎಂದರು.

ಭಾನುವಾರದ ಫೋನಿನಲ್ಲಿ ಪ್ರೇಮಕ್ಕನಿಗೆ ಹೇಳಿದೆ. ಅದರಲ್ಲಿ ಸುಳ್ಳು ಹೇಳಲಾಗಲಿಲ್ಲ.

"ವರ್ಷ ತುಂಬದೆ ಎಡೆನಾ? ಅದೂ ಚೀನಾದವ್ರ ಮನೇಲಿ?"

"ಚೀನಾ ಅಲ್ಲ ಅಕ್ಕ, ಕೊರಿಯಾ."

"ಯಾವುದೋ ಒಂದು. ಮಗೂಗೆ ಏನಾದ್ರೂ ತಿನ್ನಿಸ್ರಿ ಅಂದ್ರೆ ಸತ್ತೋರಿಗೆ ತಿನ್ನಿಸ್ತೀನಿ ಅಂತೀರಲ್ಲ." ಟಿಕೆಟ್ ಮಾಡಿಸಿದ್ದೇನೆ, ಮಾರ್ಚ್ ಮೊದಲ ವಾರ ಎಂದು ಹೇಳಿ ಫೋನ್ ಇಟ್ಟರು.

ಫೆಬ್ರವರಿಯ ಆ ಎರಡನೆಯ ಭಾನುವಾರ ಬೆಳಗ್ಗೆ ನಾನು ಕೆಳಗಿನ ಅಂಗಡಿಯ ಅಡುಗೆಮನೆಯಲ್ಲಿ ಶೈಲಾಳ ಬಟ್ಟಲು ತಯಾರು ಮಾಡಿದೆ. ಅನ್ನ, ಪಾಲಕ್, ಬಿಳಿ ಬೇರಿನ ಪಲ್ಯ, ಜರೀಗಿಡದ ಕಂದು ಕುಡಿ, ಮೊಟ್ಟೆ. ನಡುವೆ ಮೆಣಸಿನ ಗೊಜ್ಜು, ಅವಳು ಹಾಕಿಸಿಕೊಳ್ಳುತ್ತಿದ್ದಷ್ಟೇ, ಎರಡು ಚಮಚ ಜಾಸ್ತಿ. ಕೊನೆಗೆ ಎಳ್ಳು ಉದುರಿಸಿದೆ. ಬಟ್ಟಲು ಹಿಡಿದು ನಾನೂ ಇಂಚರಳೂ ಮೇಲೆ ಹೋದೆವು. ಫ್ರೌ ಹಾನ್ ಕಪ್ಪು ಸ್ವೆಟರ್ ಹಾಕಿದ್ದರು. ತಗ್ಗಾದ ಮೇಜಿನ ಮೇಲೆ ಗಂಡನ ಫೋಟೋ, ಊದುಬತ್ತಿ, ಹಣ್ಣು, ಮೀನು, ಬೇರೆ ಬೇರೆ ತಟ್ಟೆಗಳಲ್ಲಿ ಪಲ್ಯಗಳು. ಅನ್ನದ ಬಟ್ಟಲಿನಲ್ಲಿ ಚಮಚವನ್ನು ನೆಟ್ಟಗೆ ನಿಲ್ಲಿಸಿದ್ದರು. ಊರಿನಲ್ಲಾದರೆ ಇದನ್ನು ನಡುರಾತ್ರಿ ಮಾಡುತ್ತಾರೆ, ಇಲ್ಲಿ ವಯಸ್ಸಾಯಿತು, ಮಧ್ಯಾಹ್ನ ಸಾಕು ಎಂದರು.

ನನ್ನ ಕೈಯ ಬಟ್ಟಲನ್ನು ನೋಡಿ ಅವರು ಎದ್ದು ಬಂದರು.

"ಮೆಣಸು ಹಾಕಿದಿರಾ?" ಎಂದರು ಜರ್ಮನ್‌ನಲ್ಲಿ, ಮೆಲ್ಲಗೆ. "ಹೋದವರು ಕೆಂಪು ಮೆಣಸಿನ ಹತ್ತಿರ ಬರುವುದಿಲ್ಲ. ಅದನ್ನು ಕಂಡರೆ ದೂರ ಹೋಗುತ್ತಾರೆ."

ಎರಡು ವರ್ಷ ಅವರ ಅಂಗಡಿಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ಅಲ್ಲಿ ನಾನು ದಿನಕ್ಕೆ ನೂರು ಸಲ ಆ ಗೊಜ್ಜನ್ನು ಬಟ್ಟಲಿಗೆ ಹಾಕುತ್ತಿದ್ದೆ. ಎಡೆಯ ಊಟಕ್ಕೆ ಅವರು ಮೆಣಸು ಮುಟ್ಟುವುದಿಲ್ಲ, ಬೆಳ್ಳುಳ್ಳಿ ಹಾಕುವುದಿಲ್ಲ, ಸೋಯಾ ರಸದಲ್ಲಿ ಮಾತ್ರ ಕಲಸುತ್ತಾರೆ. ಮೇಜಿನ ಮೇಲಿನ ತಟ್ಟೆಗಳನ್ನು ನೋಡಿದೆ, ಎಲ್ಲೂ ಕೆಂಪು ಇರಲಿಲ್ಲ. ನಮ್ಮಲ್ಲಿ ಹೋದವರಿಗೆ ಏನಿಷ್ಟವೋ ಅದನ್ನೇ ಇಡುತ್ತೇವೆ ಎಂದೆ. ಪಿತೃಪಕ್ಷದಲ್ಲಿ ನಮ್ಮ ತಂದೆಯ ಎಡೆಗೆ ಒಂದು ಕಟ್ಟು ಬೀಡಿ ಇಡುತ್ತಿದ್ದೆವು ಎಂದೆ. ಫ್ರೌ ಹಾನ್ ಗಂಡನ ಫೋಟೋ ನೋಡಿದರು.

ಇಂಚರ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹಾಗಾದರೆ ಅಮ್ಮ ಬರುವುದಿಲ್ಲವಾ ಎಂದು ಜರ್ಮನ್‌ನಲ್ಲಿ ಕೇಳಿದಳು. ಅವಳು ಅಮ್ಮನ ಬಗ್ಗೆ ಬಾಯಿ ಬಿಟ್ಟದ್ದು ನವೆಂಬರಿನ ನಂತರ ಅದೇ ಮೊದಲು. ನಾನು ಒಂದು ಚಮಚ ತೆಗೆದುಕೊಂಡು ಗೊಜ್ಜನ್ನು ಬಟ್ಟಲಿನಿಂದ ತೆಗೆಯಲು ಬಗ್ಗಿದೆ. ಇಂಚರ ನನ್ನ ತೋಳು ಹಿಡಿದಳು.

"ತೆಗೀಬೇಡ ಅಪ್ಪ," ಅಂದಳು. "ಅಮ್ಮಂಗೆ ಖಾರ ಬೇಕು."

ಕನ್ನಡದಲ್ಲಿ ಹೇಳಿದ್ದಳು. ನಾನು ಚಮಚ ಕೆಳಗಿಟ್ಟೆ. ಏನಂದಳು ಎಂದು ಫ್ರೌ ಹಾನ್ ಕೇಳಿದರು, ಹೇಳಿದೆ. ಅವರು ಬಟ್ಟಲನ್ನು ಎರಡು ಕೈಯಲ್ಲಿ ತೆಗೆದುಕೊಂಡು ಮೇಜಿನ ಆ ತುದಿಗೆ ಇಟ್ಟರು.

"ಇರಲಿ. ನನ್ನ ಗಂಡ ಈ ಕಡೆ ಕೂರುತ್ತಾನೆ. ಜೀವ ಇದ್ದಾಗಲೂ ಅವನು ಹೆದರುಪುಕ್ಕಲನೇ."

ನಮಸ್ಕಾರ ಮಾಡಿ ಮೂವರೂ ಹೊರಗೆ ಬಂದೆವು. ಫ್ರೌ ಹಾನ್ ಬಾಗಿಲು ಮುಚ್ಚಿದರು. ಇದು ನನಗೆ ಗೊತ್ತಿತ್ತು. ನಮ್ಮಲ್ಲೂ ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವೆ, ತೆರೆಯುವ ಮೊದಲು ಬಾಗಿಲು ತಟ್ಟುತ್ತೇವೆ. ಅವರು ತಟ್ಟುವುದಿಲ್ಲ, ಮೂರು ಸಲ ಕೆಮ್ಮುತ್ತಾರಂತೆ. ಎಷ್ಟು ಹೊತ್ತು ಕಾಯಬೇಕು ಎಂದು ಕೇಳಿದೆ. ಒಂಬತ್ತು ತುತ್ತು ತಿನ್ನುವಷ್ಟು ಹೊತ್ತು ಎಂದರು.

ಮೆಟ್ಟಿಲ ಪಕ್ಕದ ಇಕ್ಕಟ್ಟಿನಲ್ಲಿ ನಿಂತಿದ್ದೆವು. ಯಾರದೋ ಹಿಮದ ಬೂಟುಗಳು ಅಲ್ಲಿದ್ದವು, ಕೆಳಗೆ ನೀರಾಗಿತ್ತು. ಇಂಚರ ಬಾಗಿಲನ್ನು ನೋಡುತ್ತಾ ಜರ್ಮನ್‌ನಲ್ಲಿ ಎಣಿಸತೊಡಗಿದಳು. ಒಂದು. ತುಸು ತಡೆದು, ಎರಡು. ಆರರವರೆಗೆ ಒಂದೇ ಸಮನಾಗಿ ಎಣಿಸಿದಳು. ಆರಾದ ಮೇಲೆ ನಿಲ್ಲಿಸಿದಳು. ಫ್ರೌ ಹಾನ್ ಅವಳನ್ನು ನೋಡಿದರು. ನಾನೂ ನೋಡಿದೆ.

"ನೀರು ಕುಡೀತಿದಾಳೆ," ಅಂದಳು ಇಂಚರ.

ಶೈಲಾ ಊಟದ ನಡುವೆ ನೀರು ಕುಡಿಯುತ್ತಿದ್ದಳು. ಕುಡಿಯಬೇಡ, ಅರಗುವುದಿಲ್ಲ ಎಂದು ನಾನು ಹೇಳುತ್ತಿದ್ದೆ. ಅದನ್ನು ಮರೆತೇ ಬಿಟ್ಟಿದ್ದೆ. ಇಂಚರ ಕಾದಳು. ಆಮೇಲೆ ಏಳು, ಎಂಟು, ಒಂಬತ್ತು. ಫ್ರೌ ಹಾನ್ ಮೂರು ಸಲ ಕೆಮ್ಮಿ ಬಾಗಿಲು ತೆರೆದರು.

ಒಳಗೆ ಏನೂ ಬದಲಾಗಿರಲಿಲ್ಲ. ಊದುಬತ್ತಿ ಅರ್ಧ ಉರಿದಿತ್ತು. ಮೊಟ್ಟೆಯ ಮೇಲೆ ತೆಳು ಪೊರೆ ಕಟ್ಟಿತ್ತು. ಗೊಜ್ಜು ಇಟ್ಟಲ್ಲೇ ಇತ್ತು.

ಇಟ್ಟದ್ದನ್ನು ಇದ್ದವರು ತಿಂದರೇ ಕೆಲಸ ಪೂರ್ತಿಯಾಗುವುದು. ಫ್ರೌ ಹಾನ್ ಗಂಡನ ಅನ್ನವನ್ನು ದೊಡ್ಡ ಪಾತ್ರೆಗೆ ಸುರಿದು, ಪಲ್ಯಗಳನ್ನು ಹಾಕಿ, ಸೋಯಾ ರಸದಲ್ಲಿ ಕಲಸಿ ನನಗೊಂದು ಪಾಲು ಕೊಟ್ಟರು. ಇಂಚರಳ ಮುಂದೆ ಬರಿ ಅನ್ನದ ಒಂದು ಬಟ್ಟಲಿಟ್ಟರು, ಅವರಿಗೆ ಗೊತ್ತಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಎದ್ದು ಹೋಗಿ ಮೇಜಿನ ಆ ತುದಿಯಿಂದ ಅಮ್ಮನ ಬಟ್ಟಲನ್ನು ತಂದುಕೊಂಡಳು. ಚಮಚದಲ್ಲಿ ಕಲಸಿದಳು. ಹಸಿರು, ಬಿಳಿ, ಕಂದು, ಹಳದಿ ಎಲ್ಲವೂ ಹೋಗಿ ಕೆಂಪಾಗುವ ತನಕ ಕಲಸುತ್ತಲೇ ಇದ್ದಳು. ಆಮೇಲೆ ತಿಂದಳು. ಅಷ್ಟು ಖಾರ ಅವಳು ಎಂದೂ ತಿಂದವಳಲ್ಲ. ಮೂಗು ಕೆಂಪಾಯಿತು. ನಡುವೆ ಎದ್ದು ನೀರು ಕುಡಿದು ಬಂದು ಮತ್ತೆ ಕೂತಳು. ಬಟ್ಟಲು ಖಾಲಿ ಮಾಡಿದಳು. ನನ್ನ ಪಾಲು ತಣ್ಣಗಾಗಿತ್ತು. ತಿಂದೆ. ರುಚಿ ಹೇಗಿತ್ತು ಎಂದು ಹೇಳಲಾರೆ. ನಾಲಿಗೆಗೆ ಎಳ್ಳು ಸಿಕ್ಕಿದ್ದು ಗೊತ್ತಾಯಿತು.

ಅದಾಗಿ ಮೂರು ದಿನಕ್ಕೆ, ಬುಧವಾರ ಬೆಳಗ್ಗೆ, ಇಂಚರ ಅಲಮಾರಿನಿಂದ ತನ್ನ ಸ್ಟೀಲ್ ಡಬ್ಬಿ ತೆಗೆದಳು. ಅನ್ನ ಇದೆಯಾ ಎಂದು ಕೇಳಿದಳು. ಇತ್ತು. ಬೋಗುಣಿಗೆ ಹಾಕಿಕೊಂಡು ತಾನೇ ಕಲಸಿದಳು, ಚಮಚದಲ್ಲಿ. ಹಾಲು ಜಾಸ್ತಿಯಾಗಿ ಪಾಯಸದ ಹಾಗಾಯಿತು. ಉಪ್ಪು ಮರೆತಳು. ನಾನು ಪಕ್ಕದಲ್ಲಿ ನಿಂತಿದ್ದೆ, ಹೇಳಲಿಲ್ಲ. ಸಂಜೆ ಡಬ್ಬಿ ಅರ್ಧ ಖಾಲಿಯಾಗಿ ಬಂತು.

ಮಾರ್ಚ್ ಮೊದಲ ವಾರ ಪ್ರೇಮಕ್ಕ ಬಂದರು. ಚಟ್ನಿಪುಡಿ, ಹುಳಿಪುಡಿ, ರಾಗಿ ಹಿಟ್ಟು ತುಂಬಿದ ಸೂಟ್‌ಕೇಸು ಒಂದು, ಖಾಲಿ ಸೂಟ್‌ಕೇಸು ಒಂದು. ಖಾಲಿಯದು ಇಂಚರಳ ಬಟ್ಟೆಗೆ. ಹದಿನೈದು ದಿನ ಇದ್ದರು. ದಿನಾ ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗು ಅನ್ನ ಕಲಸುವುದನ್ನು ನೋಡುತ್ತಿದ್ದರು. ಒಂದು ದಿನ ಕೈ ಚಾಚಿ ತುತ್ತು ಮಾಡಿ ಹಿಡಿದರು. ದೊಡ್ಡಮ್ಮನ ಕೈಯಿಂದಲೂ ಅವಳು ತೆಗೆದುಕೊಳ್ಳಲಿಲ್ಲ, ಆದರೆ ಕನ್ನಡದಲ್ಲಿ ಬೇಡ ದೊಡ್ಡಮ್ಮ ಎಂದಳು. ಪ್ರೇಮಕ್ಕ ಆ ತುತ್ತನ್ನು ತಾವೇ ತಿಂದು ಬಚ್ಚಲಿಗೆ ಹೋದರು, ಬಹಳ ಹೊತ್ತು ನಲ್ಲಿ ಬಿಟ್ಟಿದ್ದರು. ಹೊರಡುವ ದಿನ ಖಾಲಿ ಸೂಟ್‌ಕೇಸನ್ನು ಹಿಟ್ಟು ಪುಡಿ ತುಂಬಿ ತಂದಿದ್ದ ಸೂಟ್‌ಕೇಸಿನ ಒಳಗಿಟ್ಟು ಜಿಪ್ ಎಳೆದರು.

"ಅನ್ನ ಇನ್ನೂ ಸ್ವಲ್ಪ ಮೆತ್ತಗೆ ಮಾಡಿ ಮಂಜು ಅವ್ರೇ," ಅಂದರು.

ಫ್ರೌ ಹಾನ್ ಕಳೆದ ವರ್ಷ ಅಂಗಡಿ ಮುಚ್ಚಿ ಮಗಳ ಊರಿಗೆ ಹೋದರು. ಈಗ ಅಲ್ಲಿ ಕನ್ನಡಕದ ಅಂಗಡಿ ಇದೆ. ನಾನು ಒಂದು ಶಾಲೆಯ ಅಡುಗೆಮನೆಯಲ್ಲಿದ್ದೇನೆ. ಶೈಲಾಳಿಗೆ ವರ್ಷಾವರ್ಷ ಎಡೆ ಇಡುತ್ತೇವೆ, ಖಾರ ಹಾಕಿಯೇ. ಬಾಗಿಲು ಮುಚ್ಚಿದ ಮೇಲೆ ಇಂಚರ ಎಣಿಸುತ್ತಾಳೆ, ಆರಾದ ಮೇಲೆ ನಿಲ್ಲಿಸುತ್ತಾಳೆ. ಅವಳಿಗೆ ಈಗ ಹದಿಮೂರು. ಬೆಳಗ್ಗೆ ತನ್ನ ಡಬ್ಬಿಗೆ ತಾನೇ ಕಲಸಿಕೊಳ್ಳುತ್ತಾಳೆ, ಹಾಲಿನ ಅಳತೆ ಈಗ ಸರಿಯಾಗಿದೆ. ಸಂಜೆ ಅವಳು ತಂದ ಡಬ್ಬಿಯನ್ನು ನಾನು ತೊಳೆದು, ಅಲಮಾರಿನಲ್ಲಿ ಅದರ ಜೋಡಿಗೆ ಜಾಗ ಬಿಟ್ಟು ಇಡುತ್ತೇನೆ. ಇನ್ನೊಂದು ಸಿಕ್ಕರೆ ಎಷ್ಟೇ ಹುಳಿ ವಾಸನೆ ಇದ್ದರೂ ನಾನೇ ತೊಳೆಯುತ್ತೇನೆ. ಅದು ಇನ್ನೂ ಸಿಕ್ಕಿಲ್ಲ.